ಎಂಜಿನಿಯರಿಂಗ್ ಮುಗಿಸಿ ಆಕಾಶದ ಕಣಗಳ ಬೆನ್ನು ಹತ್ತಿದ ಭಾಭಾ

2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಆಕಾಶದಿಂದ ದೊಡ್ಡದೊಂದು ಬಲೂನು, ಅದರ ಜೊತೆ ಯಂತ್ರದ ಪೆಟ್ಟಿಗೆ ಬಂದಿಳಿಯಿತು. ಶಾಸನ ಬರೆಯುವ ಶಿಲಾಬಾಲಿಕೆಯ ಗುಡಿ ಇರುವ ಊರದು. ಜನ ಮೊದಲು ಗಾಬರಿಯಾದರು, ಆಮೇಲೆ ಸೆಲ್ಫಿ ತೆಗೆಸಿಕೊಂಡರು. ಬಸವಕಲ್ಯಾಣದಲ್ಲಿದ್ದ ನಮಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಬಂತು. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ, ಅಂದರೆ ಟಿಐಎಫ್‌ಆರ್‌ನಿಂದ ಹಾರಿಸಿದ ಬಲೂನು ಎಂದು ಗೊತ್ತಾದ ಮೇಲೆ ಊರವರು ಅದನ್ನು ಮರೆತರು. ನಾನು ಮರೆಯಲಿಲ್ಲ. ಒಂದು ಸಂಶೋಧನಾ ಸಂಸ್ಥೆ ಬಲೂನು ಯಾಕೆ ಹಾರಿಸುತ್ತದೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಹೋಮಿ ಜಹಾಂಗೀರ್ ಭಾಭಾ.

ಭಾಭಾ ಎಂದರೆ ನಮ್ಮಲ್ಲಿ ಅಣುಶಕ್ತಿ, ಅಣುಬಾಂಬು, ವಿಮಾನ ಅಪಘಾತ, ಅಷ್ಟೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಅವರಿಗೆ ಸಿಗುವುದು ಒಂದು ಸಾಲು. ಆದರೆ ಅವರ ಸ್ವಂತ ವಿಜ್ಞಾನ ಬೇರೆಯೇ ಇತ್ತು. ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದಲ್ಲಿ ನಡೆಯುವ ಸ್ಫೋಟವನ್ನು ಈಗ ನೆಲದ ಮೇಲೆ ನಿಂತು ಗುರುತಿಸುವುದು ಅವರು 27ನೇ ವಯಸ್ಸಿನಲ್ಲಿ ಮಾಡಿದ ಲೆಕ್ಕದ ಬಲದಿಂದ.

ಆ ಸ್ಫೋಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಕರೆಂಟ್ ಹೋದಾಗ ಮಾಳಿಗೆ ಏರಿ ಉತ್ತರಕ್ಕೆ ಕತ್ತೆತ್ತಿದರೆ ಸಪ್ತರ್ಷಿ ಮಂಡಲ ಕಾಣುತ್ತದೆ. ಅದೇ ದಿಕ್ಕಿನಲ್ಲಿ, ಬರಿಗಣ್ಣಿಗೆ ಎಟುಕದಂತೆ, ಸುಮಾರು 40 ಕೋಟಿ ಜ್ಯೋತಿರ್ವರ್ಷಗಳಾಚೆ ಮಾರ್ಕೇರಿಯನ್ 421 ಎಂಬ ಗೆಲಾಕ್ಸಿ ಇದೆ. ಅದರ ನಡುವೆ ದೈತ್ಯ ಕಪ್ಪುಕುಳಿ. ಕುಳಿಯ ಸುತ್ತ ಸುಳಿಯುವ ವಸ್ತುವಿನಲ್ಲಿ ಸ್ವಲ್ಪ ಭಾಗ ಒಳಗೆ ಬೀಳದೆ, ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಕಾರಂಜಿಯಂತೆ ಚಿಮ್ಮುತ್ತದೆ. ಆ ಕಾರಂಜಿಯ ಮೂತಿ ನೇರ ನಮ್ಮ ಕಡೆಗೇ ತಿರುಗಿದ್ದರೆ ಅಂಥ ಗೆಲಾಕ್ಸಿಗೆ ಬ್ಲೇಜಾರ್ ಎನ್ನುತ್ತಾರೆ. ಬ್ಲೇಜಾರ್‌ಗಳು ಶಾಂತವಾಗಿ ಉರಿಯುವುದಿಲ್ಲ, ಇದ್ದಕ್ಕಿದ್ದಂತೆ ಭುಗಿಲೇಳುತ್ತವೆ. 1996ರ ಮೇ ತಿಂಗಳಲ್ಲಿ ಈ ಮಾರ್ಕೇರಿಯನ್ 421ರ ಗಾಮಾ ಬೆಳಕು ಅರ್ಧ ಗಂಟೆಯ ಆಸುಪಾಸಿನಲ್ಲಿ ಉಬ್ಬಿ ಇಳಿದಿತ್ತು. ಒಂದು ಗೆಲಾಕ್ಸಿ ಅರ್ಧ ಗಂಟೆಯಲ್ಲಿ ಮಿನುಗುವುದೆಂದರೆ ಏನು, ಯೋಚಿಸಿ. ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸು ತಲುಪುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ತೊಡಕೆಂದರೆ, ಆ ಗಾಮಾ ಕಿರಣ ನೆಲ ಮುಟ್ಟುವುದಿಲ್ಲ. ವಾತಾವರಣ ಮೇಲೆಯೇ ತಡೆದುಬಿಡುತ್ತದೆ. ಹಾಗಾದರೆ ಕಂಡವರು ಹೇಗೆ ಕಂಡರು?

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದೂ ಅದೇ ವರ್ಷ. ಪಾರ್ಸಿ ಕುಟುಂಬ, ತಂದೆ ಜಹಾಂಗೀರ್ ವಕೀಲರು. ಅಜ್ಜ ಹೊರ್ಮಸ್‌ಜಿ ಭಾಭಾ ನಮ್ಮ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಅತ್ತೆ ಮೆಹರ್‌ಬಾಯಿಯನ್ನು ದೊರಾಬ್‌ಜಿ ಟಾಟಾ ಅವರಿಗೆ ಕೊಟ್ಟಿತ್ತು. ಹೀಗಾಗಿ ಟಾಟಾ ಮನೆತನದ ನೆರಳು ಹುಡುಗನ ಮೇಲೆ ಚಿಕ್ಕಂದಿನಿಂದಲೇ ಇತ್ತು, ಮತ್ತು ಅವನು ಮುಂದೆ ಏನಾಗಬೇಕೆಂಬುದೂ ತೀರ್ಮಾನವಾಗಿತ್ತು. ಕೇಂಬ್ರಿಜ್‌ಗೆ ಹೋಗಬೇಕು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕು, ಬಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಬೇಕು. 1927ರಲ್ಲಿ ಆತ ಕೇಂಬ್ರಿಜ್‌ನ ಗೊನ್‌ವಿಲ್ ಅಂಡ್ ಕೀಸ್ ಕಾಲೇಜು ಸೇರಿದ.

ಮರುವರ್ಷ ಮನೆಗೆ ಒಂದು ಪತ್ರ ಬಂತು. ತನಗೆ ವ್ಯಾಪಾರವಾಗಲಿ ಎಂಜಿನಿಯರ್ ನೌಕರಿಯಾಗಲಿ ಒಗ್ಗುವುದಿಲ್ಲ, ಭೌತಶಾಸ್ತ್ರವೇ ಬೇಕು ಎಂದು 18-19 ವರ್ಷದ ಮಗ ತಂದೆಗೆ ಬರೆದಿದ್ದ. ತಂದೆ ರೇಗಲಿಲ್ಲ, ಹಾಗಂತ ಒಪ್ಪಲೂ ಇಲ್ಲ. ಮೊದಲು ಎಂಜಿನಿಯರಿಂಗ್ ಅನ್ನು ಪ್ರಥಮ ದರ್ಜೆಯಲ್ಲಿ ಮುಗಿಸು, ಆಮೇಲೆ ಗಣಿತ ಓದಲು ಇನ್ನೆರಡು ವರ್ಷ ಹಣ ಕಳಿಸುತ್ತೇನೆ ಎಂದು ಷರತ್ತು ಹಾಕಿದರು. ಮಗ 1930ರಲ್ಲಿ ಮೆಕ್ಯಾನಿಕಲ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ತಂದ. 1932ರಲ್ಲಿ ಗಣಿತದಲ್ಲೂ ತಂದ.

ಈ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಮ್ಮ ತರಗತಿಯಲ್ಲಿ ಇಂಥ ಪತ್ರವನ್ನು ಮನಸ್ಸಿನಲ್ಲೇ ಬರೆದು ಹರಿದುಹಾಕಿದವರು ನಾನೊಬ್ಬನೇ ಅಲ್ಲ. ಆದರೆ ಒಂದನ್ನು ಮುಚ್ಚಿಡಬಾರದು. ಭಾಭಾ ಸೋತಿದ್ದರೂ ಹಸಿದುಕೊಂಡು ಇರಬೇಕಾದ ಮನೆತನ ಅದಲ್ಲ. ಬೀದರ್ ಜಿಲ್ಲೆಯಲ್ಲಿ ತೊಗರಿ ಬೆಲೆ ಬಿದ್ದ ವರ್ಷ ಮಗನ ಫೀ ಕಟ್ಟಿದ ಅಪ್ಪನಿಗೆ ಎರಡನೇ ಡಿಗ್ರಿಯ ಮಾತು ತೆಗೆಯುವುದು ಬೇರೆ ಸಂಗತಿ. ಇದರ ನಡುವೆಯೂ ಆ ಷರತ್ತು ನನಗೆ ಇಷ್ಟ. ಅದು ಬಾಗಿಲು ಮುಚ್ಚಲಿಲ್ಲ, ಬಾಗಿಲಿಗೆ ಒಂದು ಹೊಸ್ತಿಲು ಇಟ್ಟಿತು.

ಕೇಂಬ್ರಿಜ್‌ನಲ್ಲಿ ಆಗ ಸುಗ್ಗಿಯ ಕಾಲ. ಪಾಠ ಹೇಳಲು ಡಿರಾಕ್ ಇದ್ದರು. 1932ರಲ್ಲಿ ಅಲ್ಲಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದರು, ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಯಂತ್ರದಿಂದ ಲಿಥಿಯಂ ಪರಮಾಣುವನ್ನು ಒಡೆದರು. ಬ್ಲ್ಯಾಕೆಟ್ ಮತ್ತು ಒಕ್ಕಿಯಾಲಿನಿ ಎಂಬಿಬ್ಬರು ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳ ಫೋಟೊ ತೆಗೆಯುತ್ತಿದ್ದರು. ಆ ಫೋಟೊಗಳಲ್ಲಿ ಒಮ್ಮೊಮ್ಮೆ ಒಂದೇ ಬಿಂದುವಿನಿಂದ ಹೊರಟಂತೆ ಹತ್ತಾರು ಕಣಗಳ ಗೆರೆಗಳು ಮಳೆಯಂತೆ ಕಾಣುತ್ತಿದ್ದವು. ಆ ಮಳೆ ಎಲ್ಲಿಂದ ಬಂತೆಂದು ಯಾರಿಗೂ ತಿಳಿದಿರಲಿಲ್ಲ. ಇಷ್ಟು ಹೆಚ್ಚಿನ ಶಕ್ತಿಯಲ್ಲಿ ಹೊಸ ಕ್ವಾಂಟಂ ಸಿದ್ಧಾಂತವೇ ಕೈಕೊಡುತ್ತದೆಯೇನೋ ಎಂಬ ಅನುಮಾನವೂ ಹಲವರಿಗಿತ್ತು. ಭಾಭಾ ಜ್ಯೂರಿಕ್‌ನಲ್ಲಿ ಪೌಲಿ ಹತ್ತಿರ, ರೋಮ್‌ನಲ್ಲಿ ಫರ್ಮಿ ಹತ್ತಿರ ಕೆಲಸ ಮಾಡಿ ಬಂದರು. 1933ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವರ ಮೊದಲ ಪ್ರಬಂಧವೇ ಕಾಸ್ಮಿಕ್ ಕಿರಣಗಳ ಮೇಲೆ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ಬಡಿದು ಚದುರುವ ಬಗೆಯನ್ನು ಅವರು ಲೆಕ್ಕ ಹಾಕಿದ್ದು ಆಮೇಲೆ. ಅದನ್ನು ಇಂದಿಗೂ ಭಾಭಾ ಚದುರಿಕೆ ಎಂದೇ ಕರೆಯುತ್ತಾರೆ.

1937ರಲ್ಲಿ ಆ ಮಳೆಯ ಗುಟ್ಟು ಬಯಲಾಯಿತು. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ವಾಲ್ಟರ್ ಹೈಟ್ಲರ್ ಜೊತೆ ಸೇರಿ ಭಾಭಾ ಒಂದು ಪ್ರಬಂಧ ಬರೆದರು. ಅದರ ಹುರುಳು ಇಷ್ಟೆ. ಭಾರಿ ಶಕ್ತಿಯ ಗಾಮಾ ಕಣ ಗಾಳಿಯ ಪರಮಾಣುವಿನ ಹತ್ತಿರ ಹಾದಾಗ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಅವೆರಡೂ ಮುಂದೆ ಸಾಗುತ್ತ ಮತ್ತೊಂದು ಪರಮಾಣುವಿನ ಹತ್ತಿರ ಬಾಗಿ ತಲಾ ಒಂದು ಗಾಮಾ ಕಣ ಹೊರಡಿಸುತ್ತವೆ. ಆ ಗಾಮಾಗಳು ಮತ್ತೆ ಜೋಡಿಗಳಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆಯುತ್ತ ಹೋಗುತ್ತದೆ. ಒಂದೇ ಡಿಕ್ಕಿಯಲ್ಲಿ ಸಿಡಿದ ಪಟಾಕಿಯಲ್ಲ ಅದು, ಮೆಟ್ಟಿಲು ಮೆಟ್ಟಿಲಾಗಿ ಬೆಳೆದ ವಂಶವೃಕ್ಷ. ಇದಕ್ಕೆ ಹೊಸ ನಿಯಮವೇನೂ ಬೇಕಿರಲಿಲ್ಲ. ಗೊತ್ತಿದ್ದ ನಿಯಮಗಳನ್ನೇ ಅಂಜದೆ ಕೊನೆಯವರೆಗೂ ಅನ್ವಯಿಸಿದರೆ ಸಾಕಿತ್ತು. ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಕೂಡ ಅದೇ ಕಾಲಕ್ಕೆ ತಾವಾಗಿಯೇ ಇದೇ ಉತ್ತರ ತಲುಪಿದ್ದರು.

ಕ್ಯಾಲ್ಕುಲೇಟರ್ ಇದ್ದವರು ಒಂದು ಸರಳ ಲೆಕ್ಕ ಮಾಡಿ ನೋಡಬಹುದು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದ ಶಕ್ತಿ ಎರಡು-ಮೂರು ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಬ್ಲೇಜಾರ್‌ನಿಂದ ಬರುವ ಗಾಮಾ ಕಣದ ಶಕ್ತಿ ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್ ಇರಬಹುದು. ಗಾಳಿಯಲ್ಲಿ ಒಂದೊಂದು ಕಣದ ಪಾಲಿನ ಶಕ್ತಿ ಸುಮಾರು ಎಂಟು ಕೋಟಿಗೆ ಇಳಿದಾಗ ಈ ದ್ವಿಗುಣ ನಿಲ್ಲುತ್ತದೆ. ಭಾಗಿಸಿದರೆ 12,500. ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ 13-14 ಹೆಜ್ಜೆಗೆ ಅಲ್ಲಿಗೆ ಮುಟ್ಟುತ್ತೇವೆ. ಅಂದರೆ ಆಕಾಶದಲ್ಲಿ ಹತ್ತಾರು ಕಿಲೊಮೀಟರ್ ಎತ್ತರದಲ್ಲಿ ಸತ್ತ ಒಂದೇ ಒಂದು ಕಣ ಸಾವಿರಾರು ಕಣಗಳ ಮಳೆಯಾಗುತ್ತದೆ. ಆ ಕಣಗಳು ಗಾಳಿಯಲ್ಲಿ ಬೆಳಕು ಸಾಗುವುದಕ್ಕಿಂತ ವೇಗವಾಗಿ ಓಡುವುದರಿಂದ ಚೆರೆಂಕೋವ್ ಬೆಳಕು ಎಂಬ ನೀಲಿ ಮಿಂಚು ಹುಟ್ಟುತ್ತದೆ. ಅದು ಇರುವುದು ಕೆಲವೇ ನ್ಯಾನೊಸೆಕೆಂಡು, ಆದರೆ ನೆಲದ ಮೇಲೆ ನೂರು ಮೀಟರಿಗೂ ಹೆಚ್ಚು ತ್ರಿಜ್ಯದ ವೃತ್ತದಲ್ಲಿ ಹರಡುತ್ತದೆ. ದೊಡ್ಡ ಕನ್ನಡಿಯಿಟ್ಟು ಆ ಮಿಂಚನ್ನು ಹಿಡಿದು, ಮಳೆಯ ಆಕಾರ ನೋಡಿ, ಮೂಲದ ಗಾಮಾ ಕಣ ಯಾವ ದಿಕ್ಕಿನಿಂದ ಎಷ್ಟು ಶಕ್ತಿಯೊಂದಿಗೆ ಬಂತೆಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಮಾರ್ಕೇರಿಯನ್ 421 ಸಿಕ್ಕಿಬಿದ್ದದ್ದು ಹೀಗೆ. ಭಾಭಾ ಬದುಕಿದ್ದಾಗ ಬ್ಲೇಜಾರ್ ಎಂಬ ಪದವೇ ಹುಟ್ಟಿರಲಿಲ್ಲ.

1938ರಲ್ಲಿ ಅವರು ಇನ್ನೊಂದು ಸೂಕ್ಷ್ಮ ಹೇಳಿದರು. ಕಾಸ್ಮಿಕ್ ಕಿರಣಗಳಲ್ಲಿ ಆಗಷ್ಟೇ ಸಿಕ್ಕಿದ್ದ ಭಾರದ ಕಣವೊಂದು ಹುಟ್ಟಿ ಕ್ಷಣದಲ್ಲೇ ಅಳಿಯುವಂಥದ್ದಾದರೆ, ಅದು ವೇಗವಾಗಿ ಓಡುವಾಗ ಐನ್‌ಸ್ಟೈನ್ ಹೇಳಿದಂತೆ ಅದರ ಗಡಿಯಾರ ನಿಧಾನವಾಗಿ, ನಮ್ಮ ಲೆಕ್ಕದಲ್ಲಿ ಅದರ ಆಯಸ್ಸು ಹೆಚ್ಚಬೇಕು. ಈಗ ಮ್ಯೂಆನ್ ಎಂದು ಕರೆಯುವ ಆ ಕಣದ ಆಯಸ್ಸು 2.2 ಮೈಕ್ರೊಸೆಕೆಂಡು. ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರಿಗೇ ಅದರ ಕತೆ ಮುಗಿಯಬೇಕು. ಆದರೆ ಹತ್ತಾರು ಕಿಲೊಮೀಟರ್ ಮೇಲೆ ಹುಟ್ಟಿದ್ದು ನೆಲಕ್ಕೂ ಬರುತ್ತದೆ, ನೆಲದ ಒಳಕ್ಕೂ ಇಳಿಯುತ್ತದೆ.

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದರು. ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಗಿ ಹಿಂದಿರುಗುವ ದಾರಿ ಕಟ್ಟಿತು. ಹೀಗೆ ಸಿಕ್ಕಿಹಾಕಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಭೌತಶಾಸ್ತ್ರ ವಿಭಾಗಕ್ಕೆ ಆಗ ಸಿ.ವಿ. ರಾಮನ್ ಮುಖ್ಯಸ್ಥರು. ತರುಣ ವಿಕ್ರಮ್ ಸಾರಾಭಾಯ್ ಕೂಡ ಅಲ್ಲೇ ಕಾಸ್ಮಿಕ್ ಕಿರಣಗಳ ಕೆಲಸದಲ್ಲಿದ್ದರು. ವೆಬ್ ಸೀರೀಸ್ ನೋಡಿದವರಿಗೆ ಈ ಜೋಡಿಯ ಪರಿಚಯವಿದೆ. ನಾಟಕೀಯತೆ ಎಷ್ಟು, ನಿಜ ಎಷ್ಟು ಎಂದು ತೂಗುವುದು ಇಲ್ಲಿ ಬೇಡ.

ಟಾಟಾ ಟ್ರಸ್ಟಿನ ನೆರವಿನಿಂದ ಅಲ್ಲಿ ಕಾಸ್ಮಿಕ್ ಕಿರಣ ಸಂಶೋಧನಾ ಘಟಕ ಶುರುವಾಯಿತು. ಬೆಂಗಳೂರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಊರು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ. ಅಲ್ಲಿ ಭೂಮಿಯ ಕಾಂತಕ್ಷೇತ್ರ ದುರ್ಬಲ ಕಣಗಳನ್ನು ಹೊರಗೇ ತಳ್ಳಿ, ಗಟ್ಟಿ ಕಣಗಳನ್ನು ಮಾತ್ರ ಒಳಗೆ ಬಿಡುತ್ತದೆ. ಉತ್ತರದ ದೇಶಗಳಲ್ಲಿ ಸಿಗುವ ಎಣಿಕೆಯ ಜೊತೆ ಇಲ್ಲಿಯದನ್ನು ಹೋಲಿಸಿದರೆ ಬರುವ ಕಣಗಳ ಸ್ವಭಾವ ತಿಳಿಯುತ್ತದೆ. ಯುದ್ಧಕ್ಕೆಂದು ಬಂದಿದ್ದ ಅಮೆರಿಕನ್ ವಾಯುಪಡೆಯ ವಿಮಾನದಲ್ಲಿ ಭಾಭಾ ತಂಡ ಗೈಗರ್ ಕೌಂಟರುಗಳನ್ನು ಕಟ್ಟಿ ಬೆಂಗಳೂರಿನ ಮೇಲೆ 30,000 ಅಡಿಯವರೆಗೆ ಕಳಿಸಿತು. ಸಮೀಕರಣ ಬರೆಯುತ್ತಿದ್ದ ಮನುಷ್ಯನೊಳಗಿನ ಮೆಕ್ಯಾನಿಕಲ್ ಎಂಜಿನಿಯರ್ ಆಗ ಎದ್ದು ಬಂದಿರಬೇಕು ಎಂದು ನನ್ನ ಊಹೆ. 1941ರಲ್ಲಿ, 31ನೇ ವಯಸ್ಸಿಗೆ, ಅವರು ರಾಯಲ್ ಸೊಸೈಟಿಯ ಫೆಲೊ ಆದರು.

ಯುದ್ಧ ಮುಗಿಯುವ ಹೊತ್ತಿಗೆ ಅವರಿಗೆ ಕೇಂಬ್ರಿಜ್‌ನ ಸೆಳೆತ ಕಡಿಮೆಯಾಗಿತ್ತು. 1944ರ ಮಾರ್ಚಿನಲ್ಲಿ ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು ಮೂಲವಿಜ್ಞಾನಕ್ಕೊಂದು ಸಂಸ್ಥೆ ಬೇಕೆಂದು ಕೇಳಿದರು. 1945ರ ಜೂನ್ 1ರಂದು ಟಿಐಎಫ್‌ಆರ್ ಆರಂಭವಾದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲೇ. ಆ ವರ್ಷವೇ ಅದು ಮುಂಬೈಗೆ, ಅವರ ಅತ್ತೆಯ ಬಂಗಲೆಗೆ ಹೋಯಿತು. ಅಣುಶಕ್ತಿ ಆಯೋಗ 1948ರಲ್ಲಿ, ಅಪ್ಸರಾ ರಿಯಾಕ್ಟರ್ 1956ರಲ್ಲಿ, ಟ್ರಾಂಬೆಯ ತರಬೇತಿ ಶಾಲೆ 1957ರಲ್ಲಿ. ಇವೆಲ್ಲ ಎಲ್ಲರಿಗೂ ಸಿಗುವ ಮಾಹಿತಿ. ಗೇಟ್ ಬರೆಯುವವರಿಗಾಗಿ ಒಂದು ಮಾತು ಸೇರಿಸುತ್ತೇನೆ, ಆ ತರಬೇತಿ ಶಾಲೆ ಇಂದಿಗೂ ಬಿಇ ಮುಗಿಸಿದವರನ್ನು ಆರಿಸಿಕೊಂಡು ಸಂಬಳ ಕೊಟ್ಟು ಕಲಿಸುತ್ತದೆ. ಆಡಳಿತದ ಭಾರ ಹೆಚ್ಚಿದಂತೆ ಭಾಭಾ ಅವರ ಸ್ವಂತ ಸಂಶೋಧನಾ ಪ್ರಬಂಧಗಳು ಕಡಿಮೆಯಾಗಿ ನಿಂತೇಹೋದವು. ದೇಶಕ್ಕೆ ಲಾಭವಾಗಿರಬಹುದು. ನನಗಂತೂ ಅದನ್ನು ಓದಿ ಸ್ವಲ್ಪ ಬೇಸರವಾಯಿತು.

ಹಾಗೆಂದು ಅವರು ಆಕಾಶದ ಕಣಗಳನ್ನು ಬಿಡಲಿಲ್ಲ, ಬೇರೆಯವರ ಕೈಗೆ ಕೊಟ್ಟರು. ಸಂಸ್ಥೆಯ ಬಲೂನುಗಳು ಎತ್ತರಕ್ಕೆ ಏರಿದವು, ಹೈದರಾಬಾದಿನಿಂದ ಹಾರಿಸುವುದೂ ಅವರ ಕಾಲದಲ್ಲೇ ಶುರುವಾಯಿತು. ಜಲಸಂಗಿಗೆ ಬಂದ ಬಲೂನಿನ ಮೂಲ ಅಲ್ಲಿದೆ. ಇನ್ನೊಂದು ಕಡೆ ಕೆಳಕ್ಕೆ ಇಳಿಯುವ ಕೆಲಸ. ನಂಜನಗೂಡಿನಲ್ಲಿ ಹುಟ್ಟಿ 1948ರಲ್ಲಿ ಟಿಐಎಫ್‌ಆರ್ ಸೇರಿದ್ದ ಬಿ.ವಿ. ಶ್ರೀಕಂಠನ್ ಅವರನ್ನು ಭಾಭಾ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಎಷ್ಟು ಆಳದವರೆಗೆ ಮ್ಯೂಆನ್‌ಗಳು ಇಳಿಯುತ್ತವೆಂದು ಅಳೆಯಬೇಕಿತ್ತು. ಅಳೆಯುತ್ತ ಹೋದಂತೆ ಎಣಿಕೆ ಕುಗ್ಗಿತು. 60ರ ದಶಕದ ಆರಂಭದಲ್ಲಿ ಅತಿ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದು ಕಣವೂ ಬರಲಿಲ್ಲ. ಸೋಲು ಎನ್ನಬಹುದಾದ ಆ ಸೊನ್ನೆಯೇ ದೊಡ್ಡ ಅವಕಾಶವಾಯಿತು. ಬೇರೆಲ್ಲ ಕಣಗಳ ಗದ್ದಲ ನಿಂತ ಜಾಗದಲ್ಲಿ ಮಾತ್ರ ನ್ಯೂಟ್ರಿನೊದ ಸಪ್ಪಳ ಕೇಳುತ್ತದೆ. ನ್ಯೂಟ್ರಿನೊಗೆ ವಿದ್ಯುದಾವೇಶವಿಲ್ಲ, ಇಡೀ ಭೂಮಿಯನ್ನೇ ಏನೂ ಆಗದಂತೆ ಹಾದುಹೋಗಬಲ್ಲದು. ಅಪರೂಪಕ್ಕೊಮ್ಮೆ ಬಂಡೆಗೆ ಬಡಿದು ಮ್ಯೂಆನ್ ಹುಟ್ಟಿಸಿದಾಗ ಸಿಕ್ಕಿಬೀಳುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೊಮೀಟರ್ ಆಳದಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳು ಸೇರಿ ಉಪಕರಣ ಹೂಡಿದವು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ವರ್ಷ ಸಿಕ್ಕಿತ್ತು, ಆದರೆ ಮೊದಲು ಪ್ರಕಟವಾದದ್ದು ಕೋಲಾರದ ಫಲಿತಾಂಶ.

ಇದಾಗಿ ಕೆಲವೇ ತಿಂಗಳಿಗೆ, 1966ರ ಜನವರಿ 24ರಂದು, ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಇದ್ದ ಏರ್ ಇಂಡಿಯಾದ ಬೋಯಿಂಗ್ ವಿಮಾನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಪರ್ವತವನ್ನು ದಾಟಿಯಾಗಿದೆ ಎಂದು ಪೈಲಟ್ ತಪ್ಪು ತಿಳಿದದ್ದು ಕಾರಣ ಎಂಬುದು ತನಿಖೆಯ ತೀರ್ಮಾನ. ಯೂಟ್ಯೂಬ್‌ನಲ್ಲಿ ಸಿಗುವ ಪಿತೂರಿ ಕತೆಗಳಿಗೆ ಪುರಾವೆ ಕಾಣದು. ಅವರಿಗೆ 56 ವರ್ಷ, ಮದುವೆಯಾಗಿರಲಿಲ್ಲ. ಚಿತ್ರ ಬರೆಯುತ್ತಿದ್ದರು, ರಾಮನ್ ಅವರ ಚಿತ್ರವನ್ನೂ ಬಿಡಿಸಿದ್ದರು. ಮರ ಕಡಿಯುವುದನ್ನು ಸಹಿಸುತ್ತಿರಲಿಲ್ಲ.

ಬ್ಲೇಜಾರ್‌ಗಳ ವಿಷಯದಲ್ಲಿ ಒಂದು ದೊಡ್ಡ ಜಗಳ ಈಗಲೂ ಬಾಕಿ ಇದೆ. ಆ ಭುಗಿಲಿಗೆ ಕಾರಣ ಎಲೆಕ್ಟ್ರಾನೋ ಪ್ರೋಟಾನೋ? ಕಾರಂಜಿಯಲ್ಲಿ ಓಡುವ ಎಲೆಕ್ಟ್ರಾನ್‌ಗಳು ಸಾಮಾನ್ಯ ಬೆಳಕಿನ ಕಣಗಳಿಗೆ ಗುದ್ದಿ ಅವನ್ನೇ ಗಾಮಾ ಮಾಡಬಲ್ಲವು. ಪ್ರೋಟಾನ್‌ಗಳಾದರೆ ಗುದ್ದಿದಾಗ ಪೈಆನ್ ಎಂಬ ಕಣಗಳು ಹುಟ್ಟಿ, ಅವು ಅಳಿದು ಗಾಮಾ ಜೊತೆಗೆ ನ್ಯೂಟ್ರಿನೊಗಳನ್ನೂ ಕೊಡುತ್ತವೆ. ಕೋಲಾರದಲ್ಲಿ ಸಿಕ್ಕ ನ್ಯೂಟ್ರಿನೊ ಹುಟ್ಟಿದ್ದೂ ಇಂಥ ದಾರಿಯಲ್ಲೇ, ಆದರೆ ನಮ್ಮ ಗಾಳಿಯಲ್ಲಿ. ಆದ್ದರಿಂದ ಬ್ಲೇಜಾರ್‌ನಿಂದ ನ್ಯೂಟ್ರಿನೊ ಬಂದರೆ ಅದು ಪ್ರೋಟಾನ್ ಪರವಾದ ಸಾಕ್ಷಿ. 2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಹಿಮದೊಳಗಿನ ಐಸ್‌ಕ್ಯೂಬ್ ಉಪಕರಣಕ್ಕೆ ಅಂಥದ್ದೊಂದು ಸಿಕ್ಕಿತು. ಅದು ಬಂದ ದಿಕ್ಕಿನಲ್ಲಿ, ಮಹಾವ್ಯಾಧನ ಭುಜದ ಹತ್ತಿರ, ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದ ಬ್ಲೇಜಾರ್ ಒಂದು ಅದೇ ಹೊತ್ತಿಗೆ ಭುಗಿಲೆದ್ದಿತ್ತು. ಕಾಕತಾಳೀಯ ಇರಬಹುದೆಂಬ ಸಂಶಯ ಇನ್ನೂ ಪೂರ್ತಿ ತೀರಿಲ್ಲ.

ಲಡಾಖ್‌ನ ಹಾನ್ಲೆಯಲ್ಲಿ, 4,270 ಮೀಟರ್ ಎತ್ತರದಲ್ಲಿ, 21 ಮೀಟರ್ ಅಗಲದ ಕನ್ನಡಿಯ ಮೇಸ್ ದೂರದರ್ಶಕ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ನೀಲಿ ಮಿಂಚು ಹಿಡಿಯುವುದೇ ಅದರ ಕೆಲಸ. ಕಟ್ಟಿದ್ದು ಭಾಭಾ ಹೆಸರಿನ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರ, ಹೈದರಾಬಾದಿನ ಇಸಿಐಎಲ್ ಜೊತೆಗೂಡಿ. ಇಸಿಐಎಲ್ ಎಂದರೆ ನಮ್ಮ ಕಡೆಯ ಹುಡುಗರಿಗೆ ಅಪ್ರೆಂಟಿಸ್ ಅರ್ಜಿ ಹಾಕುವ ಕಂಪನಿ, ಹುಮನಾಬಾದಿನಲ್ಲಿ ಬಸ್ ಹತ್ತಿದರೆ ಸಂದರ್ಶನಕ್ಕೆ ಹೋಗಿ ರಾತ್ರಿಗೆ ಮನೆ ಸೇರಬಹುದು. ಅಲ್ಲಿ ಗಾಮಾ ಕಿರಣದ ದೂರದರ್ಶಕವೂ ತಯಾರಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಳೆದ ವಾರ ಅಪ್ಪನಿಗೆ ಭಾಭಾ ತಂದೆಯ ಷರತ್ತಿನ ಕತೆ ಹೇಳಿದೆ. ಕೊನೆಯವರೆಗೆ ಕೇಳಿದರು. ಭೌತಶಾಸ್ತ್ರದ ಎಂಎಸ್ಸಿಗೆ ಎಷ್ಟು ವರ್ಷ ಎಂದು ಕೇಳಿದರು, ಎರಡು ಎಂದೆ. ಆಮೇಲೆ ನನ್ನದು ಎಷ್ಟು ಸಬ್ಜೆಕ್ಟ್ ಬಾಕಿ ಇದೆ ಎಂದು ಕೇಳಿದರು. ಒಂದೇ, ಹೀಟ್ ಟ್ರಾನ್ಸ್‌ಫರ್. ಪರೀಕ್ಷೆ ಜೂನ್‌ನಲ್ಲಿ.